ಹಾಸಿಗೆಯ ಪಕ್ಕದವರ ಪ್ರಶ್ನೆ

ನಮ್ಮ ಮಗಳಿಗೆ 8 ವರ್ಷ ತುಂಬಿದ ತಿಂಗಳಲ್ಲೇ ಅವಳ ಕಣ್ಣುಗಳ ಸುತ್ತ ಊತ ಕಾಣಿಸಿಕೊಂಡಿತು. ಮೊದಲ ದಿನ ನಿದ್ದೆ ಹೆಚ್ಚಾಗಿರಬೇಕೆಂದುಕೊಂಡೆವು. ಎರಡನೆಯ ದಿನ, ಯಾವುದೋ ಹುಳ ಕಚ್ಚಿರಬೇಕೆಂದು ನೆರೆಮನೆಯ ಅಜ್ಜಿ ಹೇಳಿದ್ದನ್ನು ನಂಬಿದೆವು. ನಾಲ್ಕನೆಯ ದಿನ ಶಾಲೆಯ ಶೂ ಅವಳ ಕಾಲಿಗೆ ಹಿಡಿಸಲಿಲ್ಲ. ಅಂದು ಸಂಜೆ ಊರಿನ ವೈದ್ಯರು ಮೂತ್ರ ಪರೀಕ್ಷೆ ಮಾಡಿಸಿ, ಫಲಿತಾಂಶದ ಚೀಟಿಯನ್ನು ಎರಡು ಬಾರಿ ನೋಡಿ, ನಮ್ಮನ್ನು ಮಂಗಳೂರಿಗೆ ಕಳುಹಿಸಿದರು. ಅಲ್ಲಿಯ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನಾವು 19 ದಿನ ಕಳೆದೆವು. ರೋಗದ ಹೆಸರು ನೆಫ್ರಾಟಿಕ್ ಸಿಂಡ್ರೋಮ್. ಮೂತ್ರಪಿಂಡದ ಜರಡಿಯು ತಾನು ತಡೆಹಿಡಿಯಬೇಕಾದ ಪ್ರೋಟೀನನ್ನು ಮೂತ್ರದಲ್ಲಿ ಸೋರಲು ಬಿಡುತ್ತದೆ. ರಕ್ತದಲ್ಲಿ ಅದು ಕಡಿಮೆಯಾದಂತೆ ಮೈಯಲ್ಲಿ ನೀರು ನಿಲ್ಲುತ್ತದೆ. ಹೆಚ್ಚಿನ ಮಕ್ಕಳಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆಗೆ ಈ ರೋಗ ಬಗ್ಗುತ್ತದೆ, ಆದರೆ ಅನೇಕರಲ್ಲಿ ಮತ್ತೆ ಮತ್ತೆ ಮರಳಿ ಬರುತ್ತದೆ. ಅಲ್ಲಾಹನ ಕೃಪೆಯಿಂದ ಮಗಳು ಈಗ ಶಾಲೆಗೆ ಹೋಗುತ್ತಿದ್ದಾಳೆ.

ಇಲ್ಲಿ ‘ನಾವು’ ಎಂದರೆ ಅವಳ ತಾಯಿ ಮತ್ತು ತಂದೆ. ಇಬ್ಬರೂ ಜೊತೆಯಾಗಿ ಕುಳಿತು ಬರೆದ ಬರಹವಿದು. ಎಲ್ಲಿ ನಮ್ಮಿಬ್ಬರ ನೆನಪುಗಳು ಹೊಂದಿಕೆಯಾಗಲಿಲ್ಲವೋ ಅಲ್ಲಿ ತಾಯಿಯ ನೆನಪನ್ನೇ ಉಳಿಸಿಕೊಂಡಿದ್ದೇವೆ. ಆ 19 ರಾತ್ರಿಗಳಲ್ಲಿ ಮಂಚದ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದವಳು ಅವಳೇ.

ವಾರ್ಡಿನ ದಿನಚರಿಯನ್ನು ಬಲ್ಲವರು ಬಲ್ಲರು. ಬೆಳಗಾಗುವ ಮೊದಲೇ ರಕ್ತ ತೆಗೆಯಲು ಸಿಸ್ಟರ್ ಬರುತ್ತಾರೆ. ಆಮೇಲೆ ತೂಕ, ರಕ್ತದೊತ್ತಡ, ಕುಡಿದ ನೀರಿನ ಲೆಕ್ಕ, ಹೊರಹೋದ ಮೂತ್ರದ ಲೆಕ್ಕ. ಉಪ್ಪಿಲ್ಲದ ಗಂಜಿ. ಹತ್ತು ಗಂಟೆಯ ಹೊತ್ತಿಗೆ ದೊಡ್ಡ ವೈದ್ಯರು, ಅವರ ಹಿಂದೆ ಕಿರಿಯ ವೈದ್ಯರು, ಅವರ ಹಿಂದೆ ವಿದ್ಯಾರ್ಥಿಗಳು. ಮಂಚದ ಬಳಿ ನಿಂತು ಅವರು ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಮಾತಾಡಿಕೊಂಡ ಬಳಿಕ ನಮ್ಮ ಕಡೆ ತಿರುಗಿ ಕೇಳುತ್ತಿದ್ದ ಮೊದಲ ಪ್ರಶ್ನೆ, “ಅವಳ ತಂದೆ ಬಂದಿದ್ದಾರಾ?” ತಂದೆ ಬಂದಿದ್ದರೆ ಅವನೊಡನೆ ಮಾತಾಡುತ್ತಿದ್ದರು. ರಾತ್ರಿಯೆಲ್ಲ ಎಚ್ಚರವಿದ್ದು, ಮಗಳು ಎಷ್ಟು ಬಾರಿ ಎದ್ದಳು, ಯಾವಾಗ ಹೊಟ್ಟೆ ನೋವೆಂದಳು, ಯಾವ ಮಾತ್ರೆಯ ನಂತರ ವಾಂತಿ ಮಾಡಿದಳು ಎಂಬುದನ್ನೆಲ್ಲ ಬಲ್ಲ ತಾಯಿ ಸೆರಗನ್ನು ಸರಿಪಡಿಸಿಕೊಂಡು ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದಳು. ಏನೂ ತಿಳಿಯದ ತಂದೆ ತಲೆಯಾಡಿಸುತ್ತಿದ್ದನು. ಇದಕ್ಕೆ ಆಸ್ಪತ್ರೆಯನ್ನು ಮಾತ್ರ ದೂರಲು ನಮಗೆ ಬಾಯಿಲ್ಲ. ಹಿಂದೆ ಸರಿದು ನಿಲ್ಲುವುದನ್ನು ಅವಳು ಕಲಿತದ್ದು ಆಸ್ಪತ್ರೆಯಲ್ಲಲ್ಲ.

ಪಕ್ಕದ ಮಂಚದಲ್ಲಿ ಬಂಟ್ವಾಳದ ಕಡೆಯ ಒಬ್ಬ ಹೆಂಗಸು ತನ್ನ ಹನ್ನೊಂದು ತಿಂಗಳ ಗಂಡುಮಗುವಿನೊಂದಿಗೆ ಇದ್ದಳು. ಮಗುವಿಗೆ ಉಸಿರಾಟದ ತೊಂದರೆ. ಅದು ಅವರ ಮೂರನೆಯ ದಾಖಲಾತಿ. ಬೀಡಿ ಕಟ್ಟಿ ಸಂಸಾರ ನಡೆಸುವವಳು. ಕೈಗಳು ಸುಮ್ಮನಿರಲು ಒಪ್ಪುತ್ತಿರಲಿಲ್ಲ. ಮಗು ಮಲಗಿದಾಗ ಬೆರಳುಗಳು ತಾವಾಗಿಯೇ ಎಲೆ ಸುತ್ತುವಂತೆ ಆಡುತ್ತಿದ್ದವು. ನಾಳೆ ಮನೆಗೆ ಹೋಗಬಹುದೆಂದು ವೈದ್ಯರು ಹೇಳಿಹೋದ ರಾತ್ರಿ ಅವಳು ನಮ್ಮ ಬಳಿ ಬಂದು, “ಇತ್ತಾ, ಮನೆಗೆ ಹೋದ ಮೇಲೆ ನಡುರಾತ್ರಿ ಇವನ ಉಸಿರು ಜೋರಾದರೆ, ಕಾಯಬೇಕೋ ಕೂಡಲೇ ಹೊರಡಬೇಕೋ ಎಂದು ಹೇಗೆ ತಿಳಿಯುವುದು?” ಎಂದು ಕೇಳಿದಳು. ಡಾಕ್ಟರರನ್ನು ಕೇಳಬಾರದಿತ್ತೇ ಎಂದೆವು. ಅವರು ಅವಸರದಲ್ಲಿದ್ದರು ಎಂದಳು. ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಆ ವಾರ್ಡಿನಲ್ಲಿ ಬೇರೆ ಯಾರೂ ಕೇಳಿದ್ದು ನಮಗೆ ನೆನಪಿಲ್ಲ. ಅದನ್ನು ಕೇಳಿಸಿಕೊಂಡದ್ದು ಉತ್ತರ ಗೊತ್ತಿಲ್ಲದ ನಾವು ಮಾತ್ರ.

ಒಂಬತ್ತನೆಯ ದಿನವೋ ಹತ್ತನೆಯ ದಿನವೋ ಒಬ್ಬ ಯುವ ವೈದ್ಯ ಕೆಲವು ಕಾಗದಗಳೊಂದಿಗೆ ಬಂದನು. ಬಹಳ ಸೌಜನ್ಯದ ಹುಡುಗ. ತಾನು ಒಂದು ಸಂಶೋಧನೆ ಮಾಡುತ್ತಿರುವುದಾಗಿಯೂ, ಹೇಗೂ ತೆಗೆಯುವ ರಕ್ತದ ಜೊತೆಗೆ ಇನ್ನೂ ಸ್ವಲ್ಪ ತೆಗೆಯಲು ಒಪ್ಪಿಗೆ ಬೇಕೆಂದೂ ಹೇಳಿದನು. ಕಾಗದ ಕನ್ನಡದಲ್ಲಿಯೂ ಇತ್ತು. ನಾವು ಓದಲಿಲ್ಲ. ಸಹಿ ಮಾಡದಿದ್ದರೆ ಮಗಳ ಚಿಕಿತ್ಸೆಗೆ ತೊಂದರೆಯಾದೀತೆಂಬ ಭಯವೂ, ಸಹಿ ಮಾಡಿದರೆ ವೈದ್ಯರು ಇನ್ನಷ್ಟು ಗಮನ ಕೊಟ್ಟಾರೆಂಬ ಆಸೆಯೂ ಒಟ್ಟಿಗೇ ಕೆಲಸ ಮಾಡಿದವು. “ಮಗಳಿಗೂ ಒಂದು ಮಾತು ಹೇಳಬೇಕು” ಎಂದು ಅವನು ಮಂಚದ ಕಡೆ ನೋಡಿದನು. ಅವಳು ಚಿಕ್ಕವಳು, ಅವಳಿಗೇನು ತಿಳಿಯುತ್ತದೆ, ಎಂದು ನಾವೇ ಅವನನ್ನು ತಡೆದೆವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಯ ಪ್ರಕಾರ, 7ರಿಂದ 12 ವರ್ಷದೊಳಗಿನ ಮಗುವನ್ನು ಸಂಶೋಧನೆಗೆ ಸೇರಿಸಿಕೊಳ್ಳುವ ಮೊದಲು ಪಾಲಕರ ಲಿಖಿತ ಒಪ್ಪಿಗೆಯ ಜೊತೆಗೆ ಆ ಮಗುವಿನ ಮೌಖಿಕ ಸಮ್ಮತಿಯನ್ನೂ ಪಡೆಯಬೇಕೆಂದು ನಮಗೆ ತಿಳಿದದ್ದು ಬಹಳ ತಡವಾಗಿ. ಅವನು ಕೇಳಲು ಹೊರಟಿದ್ದನು. ಅಡ್ಡ ಬಂದವರು ನಾವು.

ಮನೆಗೆ ಬಂದು ತಿಂಗಳಾದ ಮೇಲೆ ಒಂದು ರಾತ್ರಿ, ದೀಪ ಆರಿಸಿದ ಬಳಿಕ ಮಗಳು ಕೇಳಿದಳು: “ನನ್ನ ರಕ್ತ ತೆಗೆದುಕೊಂಡು ಹೋದರಲ್ಲ, ಅದರಿಂದ ಅವರಿಗೆ ಏನು ಗೊತ್ತಾಯಿತು?” ಅಂದು ಅವಳು ನಿದ್ರಿಸಿರಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದಳಷ್ಟೆ.

ನಮಗೆ ಗೊತ್ತಿರಲಿಲ್ಲ. ಏನು ಗೊತ್ತಾಯಿತೆಂಬುದಂತೂ ಸರಿ, ಅವರು ಏನನ್ನು ತಿಳಿಯಲು ಹೊರಟಿದ್ದರೆಂಬುದೂ ಗೊತ್ತಿರಲಿಲ್ಲ.

ಆ ರಾತ್ರಿಯ ನಂತರವೇ ನಾವು ಈ ವಿಷಯವನ್ನು ಓದತೊಡಗಿದ್ದು. ಸಂಶೋಧನೆಯೆಂದರೆ ಉತ್ತರ ಹುಡುಕುವುದೆಂದು ಎಲ್ಲರಿಗೂ ತಿಳಿದಿದೆ. ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕೆಂದು ನಿರ್ಧರಿಸುವವರು ಯಾರು? ಹಣ ಕೊಡುವವರು, ಔಷಧ ತಯಾರಿಸುವವರು, ಪದವಿಗಾಗಿ ಪ್ರಬಂಧ ಬರೆಯಬೇಕಾದ ವಿದ್ಯಾರ್ಥಿ, ಅವನ ಗುರು. ರೋಗಿ ಆ ಕೋಣೆಯಲ್ಲಿ ಇರುವುದಿಲ್ಲ. 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಮೊಣಕಾಲಿನ ಸಂಧಿವಾತದ ಬಗ್ಗೆ ನಡೆದ ಸಂಶೋಧನೆಗಳಲ್ಲಿ ಹೆಚ್ಚಿನವು ಔಷಧಗಳ ಕುರಿತಾಗಿದ್ದವು. ರೋಗಿಗಳನ್ನು ಕೇಳಿದಾಗ, ಅವರು ಮುಖ್ಯವೆಂದದ್ದು ಶಸ್ತ್ರಚಿಕಿತ್ಸೆಯ ಬಗ್ಗೆ, ರೋಗವನ್ನು ಅರಿತು ಅದರೊಂದಿಗೆ ಬದುಕುವ ಬಗೆಯ ಬಗ್ಗೆ. ಒಬ್ಬರು ಒಂದು ದಿಕ್ಕಿಗೆ ನೋಡುತ್ತಿದ್ದರು, ಇನ್ನೊಬ್ಬರು ಮತ್ತೊಂದು ದಿಕ್ಕಿಗೆ.

ಈ ಕೊರತೆಯನ್ನು ತುಂಬಲೆಂದೇ 2004ರಲ್ಲಿ ಇಂಗ್ಲೆಂಡಿನಲ್ಲಿ ಜೇಮ್ಸ್ ಲಿಂಡ್ ಅಲಯನ್ಸ್ ಎಂಬ ಸಂಸ್ಥೆ ಆರಂಭವಾಯಿತು. 1747ರಲ್ಲಿ ಸಾಲಿಸ್ಬರಿ ಎಂಬ ಹಡಗಿನಲ್ಲಿ ಸ್ಕರ್ವಿ ರೋಗದಿಂದ ನರಳುತ್ತಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಬೇರೆಬೇರೆ ಮದ್ದು ಕೊಟ್ಟು ನೋಡಿದ ವೈದ್ಯನ ಹೆಸರು ಅದು. ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಬೇಗನೆ ಚೇತರಿಸಿಕೊಂಡರು. ಸಂಸ್ಥೆಯ ಕ್ರಮ ಸರಳ. ಒಂದು ರೋಗವನ್ನೋ ಒಂದು ಆರೈಕೆಯನ್ನೋ ಆರಿಸಿಕೊಂಡು, ಅದನ್ನು ಅನುಭವಿಸಿದವರು, ಅವರನ್ನು ನೋಡಿಕೊಳ್ಳುವ ಮನೆಯವರು, ಚಿಕಿತ್ಸೆ ನೀಡುವ ವೈದ್ಯರು ಮತ್ತು ದಾದಿಯರು, ಎಲ್ಲರಿಂದಲೂ ಪ್ರಶ್ನೆಗಳನ್ನು ಕೇಳಿ ಪಡೆಯುತ್ತಾರೆ. ಈಗಾಗಲೇ ಉತ್ತರವಿರುವ ಪ್ರಶ್ನೆಗಳನ್ನು ಬದಿಗಿಡುತ್ತಾರೆ. ಉಳಿದವನ್ನು ಮತ್ತೆ ಎಲ್ಲರ ಮುಂದಿಟ್ಟು ಆಯ್ದುಕೊಳ್ಳುತ್ತಾರೆ. ಕೊನೆಗೆ ಒಂದೇ ಕೋಣೆಯಲ್ಲಿ, ತಾಯಿ ಮತ್ತು ತಜ್ಞವೈದ್ಯ ಅಕ್ಕಪಕ್ಕ ಕುಳಿತು, ಸಾಮಾನ್ಯವಾಗಿ ಹತ್ತು ಪ್ರಶ್ನೆಗಳ ಪಟ್ಟಿಗೆ ಬರುತ್ತಾರೆ. ಚಿಕಿತ್ಸೆ ನೀಡದೆ ಸಂಶೋಧನೆ ಮಾತ್ರ ಮಾಡುವವರಿಗೆ ಅಲ್ಲಿ ಮತವಿಲ್ಲ. ಇದನ್ನು ಓದಿ ನಮಗೆ ಸ್ವಲ್ಪ ಸಂತೋಷವೇ ಆಯಿತೆಂದು ಒಪ್ಪಿಕೊಳ್ಳುತ್ತೇವೆ.

ಆಸ್ಪತ್ರೆಗೆ ದಾಖಲಾದ ಮಕ್ಕಳ ವಿಷಯದಲ್ಲಿ ಇದೇ ಕ್ರಮವನ್ನು ಕೆನಡಾದಲ್ಲಿ ಅನುಸರಿಸಿದರು. 2022ರಲ್ಲಿ ಅದರ ವರದಿ ಪ್ರಕಟವಾಯಿತು. ಸಾಮಾನ್ಯ ವಾರ್ಡಿನಲ್ಲಿರುವ ಮಕ್ಕಳು, ಅವರ ಪಾಲಕರು, ವೈದ್ಯರು, ದಾದಿಯರು ಕೂಡಿ ಆರಿಸಿದ ಪ್ರಶ್ನೆಗಳಲ್ಲಿ ಹೊಸ ಔಷಧಕ್ಕಿಂತ ಬೇರೆಯ ಸಂಗತಿಗಳೇ ಎದ್ದು ಕಾಣುತ್ತವೆ. ಹಲವು ದೀರ್ಘ ಕಾಯಿಲೆಗಳು ಕೂಡಿಕೊಂಡ ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕು? ವೈದ್ಯರು ಮತ್ತು ಮನೆಯವರ ನಡುವಿನ ಮಾತು ಹೇಗಿರಬೇಕು? ನಿರ್ಧಾರವನ್ನು ಇಬ್ಬರೂ ಸೇರಿ ಕೈಗೊಳ್ಳುವುದು ಹೇಗೆ? ಆಸ್ಪತ್ರೆಯಲ್ಲಿರುವಾಗ ಮಗುವಿನ ಮನಸ್ಸಿಗೆ ಯಾವ ಆಸರೆ ಬೇಕು? ಅಲ್ಲಿರಬೇಕಾದ ದಿನಗಳನ್ನು ಕಡಿಮೆ ಮಾಡುವುದು ಹೇಗೆ? ಕೆನಡಾದ ಮೂಲನಿವಾಸಿ ಜನರ ಮಕ್ಕಳಿಗೆ ಮತ್ತು ಪಾಲಕರಿಗೆ ಯಾವ ಬೆಂಬಲ ಬೇಕು? ಬಂಟ್ವಾಳದ ಆ ತಾಯಿ ಅಲ್ಲಿದ್ದಿದ್ದರೆ ತನ್ನ ಪ್ರಶ್ನೆಗೆ ನೆಂಟರನ್ನು ಕಂಡುಕೊಳ್ಳುತ್ತಿದ್ದಳು.

ವೈದ್ಯರು ಕೇಳುವ ಪ್ರಶ್ನೆಗಳು ಬೇಡವೆಂದು ಇದರ ಅರ್ಥವಲ್ಲ. ನಮ್ಮ ಮಗಳ ರೋಗವನ್ನೇ ನೋಡಿ. ಮೊದಲ ಬಾರಿ ಬಂದಾಗ ಸ್ಟಿರಾಯ್ಡನ್ನು ಎಷ್ಟು ಕಾಲ ಕೊಡಬೇಕೆಂಬುದು ವೈದ್ಯರನ್ನು ಬಹುಕಾಲ ಕಾಡಿದ ಪ್ರಶ್ನೆ. ಹೆಚ್ಚು ಕಾಲ ಕೊಟ್ಟರೆ ರೋಗ ಮರುಕಳಿಸುವುದು ಕಡಿಮೆಯಾಗಬಹುದೆಂಬ ನಂಬಿಕೆಯಿತ್ತು. ಭಾರತದ ಹಲವು ಆಸ್ಪತ್ರೆಗಳು ಸೇರಿ 181 ಮಕ್ಕಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗವು, 3 ತಿಂಗಳ ಬದಲು 6 ತಿಂಗಳು ಕೊಟ್ಟರೂ ಗಮನಾರ್ಹ ಲಾಭವಿಲ್ಲವೆಂದು ತೋರಿಸಿತು. 2019ರಲ್ಲಿ ಇಂಗ್ಲೆಂಡಿನ ಇನ್ನೊಂದು ಪ್ರಯೋಗವು 8 ವಾರ ಮತ್ತು 16 ವಾರಗಳನ್ನು ಹೋಲಿಸಿ ಬಹುಮಟ್ಟಿಗೆ ಅದೇ ಮಾತನ್ನು ಹೇಳಿತು. ಓದುವಾಗ ಒಣ ಅಂಕಿಗಳು. ಆದರೆ ಮಗುವಿನ ಕೆನ್ನೆ ಬಾತು, ಹಸಿವು ತಡೆಯಲಾರದೆ ರಾತ್ರಿ ಎರಡು ಗಂಟೆಗೆ ಅಡುಗೆಮನೆಯ ಡಬ್ಬಗಳನ್ನು ಹುಡುಕುವುದನ್ನು, ಶಾಂತ ಸ್ವಭಾವದ ಹುಡುಗಿ ತಮ್ಮನ ಮೇಲೆ ತಟ್ಟೆ ಎಸೆಯುವುದನ್ನು ಕಂಡವರಿಗೆ, ಉಳಿದ ಒಂದೊಂದು ವಾರದ ಬೆಲೆಯೂ ಗೊತ್ತು. ಅಂಥ ಸಂಶೋಧನೆಗೆ ತಮ್ಮ ಮಕ್ಕಳನ್ನು ಒಪ್ಪಿಸಿದ ಆ ಪಾಲಕರಿಗಾಗಿ ನಾವು ದುಆ ಮಾಡುತ್ತೇವೆ.

ನೆಗಡಿ ಜ್ವರ ಬಂದಾಗ ರೋಗ ಮರುಕಳಿಸುವುದನ್ನು ತಡೆಯಲು ಕೆಲವು ದಿನ ಪ್ರತಿದಿನವೂ ಸ್ಟಿರಾಯ್ಡ್ ಕೊಡಬೇಕೇ ಎಂಬುದು ಈ ರೋಗದ ಮಕ್ಕಳಿರುವ ಪ್ರತಿ ಮನೆಯ ಪ್ರಶ್ನೆ. ಅದಕ್ಕೂ 2022ರಲ್ಲಿ ಇಂಗ್ಲೆಂಡಿನಿಂದ ಉತ್ತರ ಬಂತು: ಅದರಿಂದ ಮರುಕಳಿಕೆ ಕಡಿಮೆಯಾಗಲಿಲ್ಲ. (ಇದನ್ನು ಓದಿ ಯಾರೂ ತಮ್ಮ ಮಗುವಿನ ಮಾತ್ರೆಯನ್ನು ತಾವಾಗಿ ಬದಲಿಸಬಾರದು. ವೈದ್ಯರನ್ನು ಕೇಳಿರಿ. ಕೇಳಲು ನಾಚಬೇಡಿರಿ.)

ಆದರೆ ಮಗಳು ತಟ್ಟೆ ಎಸೆದ ದಿನ ನಾವು ಏನು ಮಾಡಬೇಕಿತ್ತು? ಗದರಬೇಕಿತ್ತೇ, ಮದ್ದಿನ ಪರಿಣಾಮವೆಂದು ಬಿಡಬೇಕಿತ್ತೇ? ಅವಳು ತರಗತಿಯಲ್ಲಿ ಉಳಿದವರಿಂದ ಎಷ್ಟು ದೂರವಾದಳು, ಮತ್ತೆ ಹೇಗೆ ಸೇರಿದಳು? ಇವು ಮೂತ್ರದ ಪರೀಕ್ಷೆಯಲ್ಲಿ ಕಾಣದ ಸಂಗತಿಗಳು. ಮೂತ್ರಪಿಂಡದ ಕಾಯಿಲೆಯಿರುವ ಮಕ್ಕಳ ಸಂಶೋಧನೆಗಳಲ್ಲಿ ಯಾವ ಫಲಿತಾಂಶಗಳನ್ನು ತಪ್ಪದೆ ಅಳೆಯಬೇಕೆಂದು ನಿರ್ಧರಿಸಲು ಸಾಂಗ್-ಕಿಡ್ಸ್ ಎಂಬ ಅಂತರರಾಷ್ಟ್ರೀಯ ಪ್ರಯತ್ನವು ಮಕ್ಕಳು, ಪಾಲಕರು ಮತ್ತು ವೈದ್ಯರನ್ನು ಒಟ್ಟಿಗೆ ಕೇಳಿತು. ಕೊನೆಗೆ ಉಳಿದವು ನಾಲ್ಕು. ಬದುಕುಳಿಯುವುದು, ಮೂತ್ರಪಿಂಡದ ಕೆಲಸ, ಸೋಂಕು. ಈ ಮೂರನ್ನು ಯಾವ ವೈದ್ಯರೂ ಹೇಳಿಯಾರು. ನಾಲ್ಕನೆಯದು, ಬದುಕಿನಲ್ಲಿ ಪಾಲ್ಗೊಳ್ಳುವುದು: ಶಾಲೆ, ಆಟ, ಗೆಳೆತನ, ಹಬ್ಬ. ಆ ನಾಲ್ಕನೆಯದನ್ನು ಓದಿದಾಗ ಈದ್ ದಿನ ಉಪ್ಪಿಲ್ಲದ ತಟ್ಟೆಯೊಂದಿಗೆ ಬೇರೆ ಕೋಣೆಯಲ್ಲಿ ಕುಳಿತಿದ್ದ ಮಗಳ ನೆನಪಾಯಿತು. ಅವಳ ಕಣ್ಣೆದುರು ಬಿರಿಯಾನಿ ತಿನ್ನಬಾರದೆಂದು, ಒಳ್ಳೆಯದನ್ನೇ ಯೋಚಿಸಿ, ನಾವೇ ಅವಳನ್ನು ಅಲ್ಲಿ ಕೂರಿಸಿದ್ದೆವು.

ಪಾಲಕರ ಪ್ರಶ್ನೆಯೊಂದು ಆಸ್ಪತ್ರೆಯ ನಿಯಮವನ್ನೇ ಬದಲಿಸಿದ ಕಥೆ ಇನ್ನೂ ಹಳೆಯದು. ಕಳೆದ ಶತಮಾನದ ನಡುಭಾಗದವರೆಗೆ ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ಮಕ್ಕಳನ್ನು ನೋಡಲು ತಂದೆತಾಯಿಗೆ ನಿಗದಿತ ಸಮಯ ಬಿಟ್ಟರೆ ಪ್ರವೇಶವಿರಲಿಲ್ಲ. ತಾಯಿ ಬಂದುಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ. ಆದ್ದರಿಂದ ಬಾರದಿರುವುದೇ ಒಳ್ಳೆಯದೆಂದು ತರ್ಕ. ಜೇಮ್ಸ್ ರಾಬರ್ಟ್‌ಸನ್ ಎಂಬ ಸಮಾಜ ಕಾರ್ಯಕರ್ತ 1952ರಲ್ಲಿ ಎರಡು ವರ್ಷದ ಹುಡುಗಿಯೊಬ್ಬಳು ಆಸ್ಪತ್ರೆಯಲ್ಲಿ ಕಳೆದ 8 ದಿನಗಳನ್ನು ಚಿತ್ರೀಕರಿಸಿ ವೈದ್ಯರ ಮುಂದೆ ಪ್ರದರ್ಶಿಸಿದನು. ಮಗು ದೊಡ್ಡದಾಗಿ ಅಳುವುದಿಲ್ಲ. ದಿನ ಕಳೆದಂತೆ ಅದರ ಮುಖ ಬಾಡುತ್ತ ಹೋಗುತ್ತದೆ, ಅಷ್ಟೆ. ನೋಡಿದ ವೈದ್ಯರಲ್ಲಿ ಹಲವರು ಸಿಟ್ಟಾದರು. 1959ರಲ್ಲಿ ಅಲ್ಲಿಯ ಸರಕಾರಕ್ಕೆ ಸಲ್ಲಿಸಲಾದ ಪ್ಲಾಟ್ ವರದಿಯು ಪಾಲಕರ ಭೇಟಿಗೆ ಇದ್ದ ನಿರ್ಬಂಧವನ್ನು ಬಿಡಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲೇ ಉಳಿಯುತ್ತಿದ್ದುದನ್ನು ಕಂಡು 1961ರಲ್ಲಿ ಲಂಡನ್ನಿನ ಬ್ಯಾಟರ್ಸಿಯ ಕೆಲವು ತಾಯಂದಿರು ತಮ್ಮದೇ ಸಂಘ ಕಟ್ಟಿದರು. ಬಾಗಿಲು ತೆರೆಯಿಸಿದವರಲ್ಲಿ ಆ ಗೃಹಿಣಿಯರೂ ಇದ್ದರು.

ನಮ್ಮಲ್ಲಿ ತಾಯಿ ಮಂಚದ ಪಕ್ಕ ಇದ್ದೇ ಇರುತ್ತಾಳೆ, ನಮಗೆ ಇದು ಅನ್ವಯಿಸದು ಎಂದು ಕೆಲವರು ಹೇಳಬಹುದು. ಸಾಮಾನ್ಯ ವಾರ್ಡಿನ ಮಟ್ಟಿಗೆ ಅದು ನಿಜ. ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಗಾಜಿನ ಬಾಗಿಲಿನ ಹೊರಗೆ ನಿಂತವರಿಗೆ ಬೇರೆ ಅನುಭವವಿದೆ. ಕಡಿಮೆ ತೂಕದ ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ 1970ರ ದಶಕದ ಕೊನೆಯಲ್ಲಿ ಕೊಲಂಬಿಯದ ಬೊಗೋಟದಲ್ಲಿ ಆರಂಭವಾಯಿತು. ಆದರೂ ಮಗುವಿನ ಸ್ಥಿತಿ ಸ್ಥಿರವಾಗುವವರೆಗೆ ತಾಯಿಯಿಂದ ದೂರವಿಡುವುದೇ ರೂಢಿಯಾಗಿತ್ತು. ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕೊಟ್ಟರೆ ಏನಾಗುತ್ತದೆ? ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಇದನ್ನು ಪರೀಕ್ಷಿಸಿತು; ಅವುಗಳಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಒಂದು ಕೇಂದ್ರ. ತಾಯಿಯ ಮಂಚಕ್ಕೆ ತೀವ್ರ ನಿಗಾ ಘಟಕದ ಒಳಗೇ ಜಾಗ ಮಾಡಿಕೊಟ್ಟರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲ 28 ದಿನಗಳಲ್ಲಿ ತೀರಿಕೊಂಡ ಮಕ್ಕಳು ಹಳೆಯ ಕ್ರಮದಲ್ಲಿ ಶೇ. 15.7, ಹೊಸ ಕ್ರಮದಲ್ಲಿ ಶೇ. 12. ಗಾಜಿನ ಹೊರಗೆ ನಿಂತ ಪ್ರತಿಯೊಬ್ಬ ತಾಯಿಯೂ ಮನಸ್ಸಿನಲ್ಲಿ ಕೇಳಿರಬಹುದಾದ ಪ್ರಶ್ನೆಯದು: ನನ್ನ ಮಗುವನ್ನು ನನ್ನ ಕೈಗೆ ಏಕೆ ಕೊಡುವುದಿಲ್ಲ? ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ, ಈ ಆರೈಕೆಯನ್ನು ಸರಕಾರಿ ವ್ಯವಸ್ಥೆಯ ಮೂಲಕ ಹೆಚ್ಚು ಮಕ್ಕಳಿಗೆ ತಲುಪಿಸುವುದು ಹೇಗೆಂಬ ಅಧ್ಯಯನ ನಡೆದಿದೆ. ಅಂಥ ಕೆಲಸಕ್ಕೆ ಮನೆಯವರ ಒಪ್ಪಿಗೆಯಷ್ಟೇ ಸಾಲದು. ಹೆರಿಗೆಯಾದ ಹೆಣ್ಣು ಗಂಟೆಗಟ್ಟಲೆ ಮಗುವನ್ನು ಎದೆಗವಚಿಕೊಂಡಿರಬೇಕಾದರೆ ಮನೆಯ ನೀರು, ಒಲೆ, ಇತರ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆಂಬುದು ಅತ್ತೆಗೂ ಗಂಡನಿಗೂ ಗೊತ್ತು, ಪುಸ್ತಕಕ್ಕೆ ಗೊತ್ತಿಲ್ಲ.

ಪವಿತ್ರ ಕುರ್‌ಆನಿನಲ್ಲಿ ಸಮಾಲೋಚನೆಯ ಪ್ರಸ್ತಾಪ ಬಂದಾಗ ನಾವು ಸಾಮಾನ್ಯವಾಗಿ ಆಡಳಿತವನ್ನು, ಜಮಾಅತಿನ ಸಭೆಯನ್ನು ನೆನೆಯುತ್ತೇವೆ. ಎದೆಹಾಲು ಕುಡಿಯುವ ಮಗುವಿನ ವಿಷಯದಲ್ಲಿಯೂ ಅದು ಬಂದಿದೆ. ಅಲ್ ಬಕರಃ ಅಧ್ಯಾಯದ 233ನೆಯ ವಚನದಲ್ಲಿ, ಮಗುವಿಗೆ ಹಾಲು ಬಿಡಿಸುವ ನಿರ್ಧಾರವು ತಂದೆತಾಯಿಯ ಪರಸ್ಪರ ಒಪ್ಪಿಗೆ ಮತ್ತು ಸಮಾಲೋಚನೆಯಿಂದಾಗುವುದಾದರೆ ತಪ್ಪಿಲ್ಲವೆಂದು ಹೇಳಲಾಗಿದೆ. ವಿಚ್ಛೇದನದ ವಿಧಿಗಳ ನಡುವೆ ಈ ಮಾತು ಬರುತ್ತದೆಂಬುದನ್ನು ಗಮನಿಸಬೇಕು. ಮನಸ್ಸು ಮುರಿದವರೂ ಮಗುವಿಗಾಗಿ ಕೂತು ಮಾತಾಡಬೇಕು, ತಾಯಿಯ ಮಾತು ಅದರಲ್ಲಿರಬೇಕು. ವಾರ್ಡಿನಲ್ಲಿ ಎರಡು ಹೆಜ್ಜೆ ಹಿಂದೆ ನಿಂತ ತಾಯಿಯನ್ನು ಮುಂದೆ ಕರೆಯದಿದ್ದ ತಂದೆಗೆ ಈ ವಚನ ಬಾಯಿಪಾಠವಿತ್ತು.

ಇನ್ನೊಂದು ಅಡ್ಡಿ ನಮ್ಮೊಳಗೇ ಇದೆ. ಆಸ್ಪತ್ರೆಗೆ ನೋಡಲು ಬಂದ ಬಂಧುಗಳಲ್ಲಿ ಹೆಚ್ಚಿನವರು, ಸಹನೆ ವಹಿಸಿರಿ, ಎಲ್ಲ ಅಲ್ಲಾಹನ ವಿಧಿ ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು, ನಿಜವಾದ ಮಾತು. ಆದರೆ ಬರಬರುತ್ತ ಪ್ರಶ್ನೆ ಕೇಳುವುದೇ ಸಹನೆಗೇಡಿತನವೆಂಬ ಭಾವನೆ ನಮ್ಮಲ್ಲಿ ಬೆಳೆಯಿತು. ಗಂಡನಿಂದಾದ ಅನ್ಯಾಯವನ್ನು ಹೇಳಿಕೊಂಡು ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ಬಂದು, ಮೊದಲ ಉತ್ತರಕ್ಕೆ ಸುಮ್ಮನಾಗದೆ ಮತ್ತೆ ಮತ್ತೆ ವಾದಿಸಿದ ಹೆಣ್ಣುಮಗಳ ಅಹವಾಲನ್ನು ಅಲ್ಲಾಹನು ಆಲಿಸಿದನು. ಕುರ್‌ಆನಿನ 58ನೆಯ ಅಧ್ಯಾಯಕ್ಕೆ ಆ ವಾದದಿಂದಲೇ ಹೆಸರು ಬಂತು. ಅವಳನ್ನು ಯಾರೂ ಸಹನೆಯಿಲ್ಲದವಳೆಂದು ಕರೆದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಸಂಶಯವನ್ನೂ ಹೇಳಬೇಕು. ಪಾಲಕರನ್ನು ಕರೆದರೆ ಯಾರು ಬರುತ್ತಾರೆ? ರಜೆ ಸಿಗುವವರು, ಓದುಬರಹ ಬಲ್ಲವರು, ಇಂಥ ಬರಹ ಬರೆಯಬಲ್ಲವರು. ಪಶ್ಚಿಮದ ದೇಶಗಳಲ್ಲಿ ನಡೆದ ಇಂಥ ಪ್ರಯತ್ನಗಳ ಮೇಲೂ ಇದೇ ಟೀಕೆ ಇದೆ. ಉತ್ತರಿಸುವವರಲ್ಲಿ ವಿದ್ಯಾವಂತರೇ ಹೆಚ್ಚು. ಒಂದು ದಿನ ಬೀಡಿ ಕಟ್ಟದಿದ್ದರೆ ಅಂದಿನ ಅಕ್ಕಿಗೆ ಕೊರತೆಯಾಗುವವಳು ಮಂಗಳೂರಿನ ಸಭೆಗೆ ಬರಲಾರಳು. ಅವಳ ಕೂಲಿಯನ್ನು ಯಾರು ಕೊಡುತ್ತಾರೆ, ಬ್ಯಾರಿ ಭಾಷೆಯಲ್ಲಿ ಯಾರು ಕೇಳುತ್ತಾರೆ ಎಂಬುದನ್ನು ಮೊದಲು ಇತ್ಯರ್ಥಮಾಡದೆ ಕುರ್ಚಿಗಳನ್ನು ಜೋಡಿಸಿದರೆ, ಅಲ್ಲಿ ಕುಳಿತು ಅವಳ ಪರವಾಗಿ ಮಾತಾಡುವವರು ಮತ್ತೆ ನಾವೇ ಆಗುತ್ತೇವೆ. ಮಗಳ ಪರವಾಗಿ ಮಾತಾಡಿ ಏನಾಯಿತೆಂಬುದನ್ನು ಹೇಳಿದ್ದಾಗಿದೆ. ದಾದಿಯರ ಮಾತೂ ಹಾಗೆಯೇ. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ನಮ್ಮ ಮಗಳ ಕೈಯಲ್ಲಿ ನರ ಹುಡುಕುವಾಗ, ಒಂದೇ ದಿನ ಮೂರು ವಿಭಾಗದವರು ಮೂರು ಸಲ ರಕ್ತ ಕೇಳುತ್ತಾರೆ, ನಮಗೂ ಸಂಕಟವಾಗುತ್ತದೆ ಎಂದಿದ್ದರು. ಅವರನ್ನೂ ಯಾರೂ ಕೇಳಿದಂತಿರಲಿಲ್ಲ.

ಇಲ್ಲಿ ತಾಯಿಯ ಒಂದು ನೆನಪನ್ನು ಬರೆಯಬೇಕೇ ಬೇಡವೇ ಎಂದು ಬಹಳ ಯೋಚಿಸಿದೆವು. ಹದಿಮೂರನೆಯ ದಿನ ಫಜ್ರ್ ನಮಾಝಿನ ಹೊತ್ತು. ಅವಳು ಮಂಚದ ಬದಿಯ ಕಿರಿದಾದ ಜಾಗದಲ್ಲಿ ನಿಂತು ನಮಾಝ್ ಆರಂಭಿಸಿದ್ದಳು. ಆಗ ಸಿಸ್ಟರ್ ಬಂದರು, ತೋಳಿಗೆ ರಬ್ಬರ್ ಪಟ್ಟಿ ಬಿಗಿದರು. ಮಗಳು ಅಳಲಿಲ್ಲ. ಇಂದು ಒಂದೇ ಚುಚ್ಚಿಗೆ ಸಿಕ್ಕಿರಬೇಕು, ಅಲ್‌ಹಮ್ದುಲಿಲ್ಲಾಹ್ ಎಂದುಕೊಂಡು ಅವಳು ನಮಾಝನ್ನು ಸಾವಧಾನವಾಗಿಯೇ ಮುಗಿಸಿದಳು. ಸಲಾಮ್ ಹೇಳಿ ತಿರುಗಿದಾಗ ಮಗಳ ಎರಡೂ ಕೈಗಳಲ್ಲಿ ಹತ್ತಿಯಿತ್ತು. ನಾಲ್ಕು ಸಲ ಚುಚ್ಚಿದ್ದರು. ಪ್ರವಾದಿವರ್ಯರು(ಸ) ಸಾಮೂಹಿಕ ನಮಾಝಿನಲ್ಲಿ ಮಗುವಿನ ಅಳು ಕೇಳಿಸಿದರೆ, ಅದರ ತಾಯಿಯ ಸಂಕಟವನ್ನು ನೆನೆದು ನಮಾಝನ್ನು ಚಿಕ್ಕದು ಮಾಡುತ್ತಿದ್ದರೆಂಬ ಹದೀಸನ್ನು ಮಲಗುವಾಗ ನಾವು ಮಗಳಿಗೆ ಹೇಳುವುದಿತ್ತು. ಅದು ಅವಳಿಗೆ ಚೆನ್ನಾಗಿ ನೆನಪಿತ್ತು. “ನಾನು ಅತ್ತರೆ ಉಮ್ಮ ಬೇಗ ಮುಗಿಸಬೇಕಾಗುತ್ತದಲ್ಲ, ಅದಕ್ಕೆ ಅಳಲಿಲ್ಲ” ಎಂದಳು.

ಕಳೆದ ತಪಾಸಣೆಗೆ ಹೋದಾಗ ಹೊಸ ವೈದ್ಯೆಯೊಬ್ಬರಿದ್ದರು. ಕಾರ್ಡು ನೋಡಿ, ರಕ್ತದೊತ್ತಡ ನೋಡಿ, ಪೆನ್ನು ಕೆಳಗಿಟ್ಟು, “ನಿಮಗೆ ಏನಾದರೂ ಕೇಳುವುದಿದೆಯೇ?” ಎಂದರು. ಉತ್ತರ ಹೇಳಿಯೇ ಅಭ್ಯಾಸವಾದ ನಮಗೆ ಥಟ್ಟನೆ ಏನೂ ತೋಚಲಿಲ್ಲ. ಇಷ್ಟೆಲ್ಲ ಓದಿಯೂ ತೋಚಲಿಲ್ಲ. ವೈದ್ಯೆ ಮಗಳ ಕಡೆ ತಿರುಗಿ, “ನಿನಗೆ?” ಎಂದರು.

“ಎಲ್ಲ ಪರೀಕ್ಷೆಗೂ ಒಂದೇ ಸಲ ರಕ್ತ ತೆಗೆಯಲು ಆಗುವುದಿಲ್ಲವೇ?”

ವೈದ್ಯೆ ಕೂಡಲೇ ಉತ್ತರಿಸಲಿಲ್ಲ. ಕೆಲವು ಪರೀಕ್ಷೆಗಳಿಗೆ ಆಗುತ್ತದೆ, ಕೆಲವಕ್ಕೆ ಏಕೆ ಆಗುವುದಿಲ್ಲವೆಂದು ತಾನೂ ಕೇಳಿ ನೋಡಬೇಕು ಎಂದರು. ಒಂದು ಚೀಟಿಯಲ್ಲಿ ಅದನ್ನು ಬರೆದು ಕೋಟಿನ ಕಿಸೆಯಲ್ಲಿಟ್ಟುಕೊಂಡರು. ಆ ಚೀಟಿ ಎಲ್ಲಿಗೆ ಹೋಯಿತೆಂದು ನಾವು ಬಲ್ಲವರಲ್ಲ.

ಮನೆಯಲ್ಲಿ ದಿನವೂ ಬೆಳಗ್ಗೆ ಮೂತ್ರಕ್ಕೆ ಪರೀಕ್ಷಾ ಪಟ್ಟಿ ಅದ್ದಿ ಬಣ್ಣ ನೋಡಿ ಬರೆದಿಡುವ ಒಂದು ಪುಸ್ತಕವಿದೆ. ಹಳದಿಯಾಗಿಯೇ ಉಳಿದರೆ ಕ್ಷೇಮ, ಹಸಿರಿಗೆ ತಿರುಗಿದರೆ ಪ್ರೋಟೀನ್ ಸೋರುತ್ತಿದೆ. ತಾರೀಕು, ಬಣ್ಣ, ಮಾತ್ರೆ ಎಂದು ಮೂರು ಸಾಲು ಎಳೆದಿದ್ದೆವು. ತಪಾಸಣೆಯಿಂದ ಬಂದ ಮರುದಿನ ನೋಡಿದರೆ ಮಗಳು ಸ್ಕೇಲಿಟ್ಟು ನಾಲ್ಕನೆಯ ಸಾಲನ್ನು ತಾನೇ ಎಳೆದಿದ್ದಳು. ಅದರ ತಲೆಯ ಮೇಲೆ ‘ಕೇಳಬೇಕಾದದ್ದು’ ಎಂದು ಬರೆದಿದ್ದಾಳೆ. ಮೊದಲ ದಿನದ ಮನೆಯಲ್ಲಿ, ಪೆನ್ಸಿಲಿನಲ್ಲಿ: ಬಂಟ್ವಾಳದ ಪಾಪು ಹೇಗಿದ್ದಾನೆ?